ವಿಶ್ವವಿದ್ಯಾನಿಲಯದ ವಿದ್ಯೆ ಹಳ್ಳಿಗೆ ಬಂದ ಬಗೆ

ಕರಜಗಿಯ ಹುಡುಗನಿಗೆ ಮೈಸೂರಿನ ವಿಶ್ವವಿದ್ಯಾನಿಲಯದಿಂದ ಆಗಬೇಕಾದುದೇನು ಎಂದು ಕೆಲವರು ಕೇಳಬಹುದು. ಅದು ಇರುಳೆಲ್ಲ ಕಳೆದರೂ ಮುಗಿಯದ ಪಯಣ, ರಾಜ್ಯವೂ ಬೇರೆ. ಆದರೆ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಬಾಲಕನು ಮುಂದೆ ವಿಜ್ಞಾನವನ್ನೋ ಇತಿಹಾಸವನ್ನೋ ತನ್ನ ನುಡಿಯಲ್ಲಿಯೇ ತಿಳಿಯಬೇಕೆಂದರೆ ಯಾರನ್ನು ಆಶ್ರಯಿಸಬೇಕು? ಪಠ್ಯಪುಸ್ತಕಗಳ ಮಟ್ಟಿಗೆ ನಾವು ದೂರಲಾರೆವು. ಪುಣೆಯ ಬಾಲಭಾರತಿಯು ಅವನ್ನು ಕನ್ನಡದಲ್ಲಿಯೂ ಅಚ್ಚುಮಾಡುತ್ತ ಬಂದಿದೆ. ಕೊರತೆಯಿರುವುದು ಪಠ್ಯದಾಚೆಯ ಓದಿನಲ್ಲಿ.

ಮೈಸೂರು ವಿಶ್ವವಿದ್ಯಾನಿಲಯವು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರಲ್ಲಿ ಸ್ಥಾಪಿತವಾಯಿತು. ಅಲ್ಲಿಯ ಪಾಠಪ್ರವಚನಗಳು ಇಂಗ್ಲಿಷಿನಲ್ಲಿ ನಡೆಯುತ್ತಿದ್ದುದರಿಂದ ಕಂದಾಯ ಕೊಡುವ ರೈತನಿಗೆ ಅದರ ಗೋಡೆ ಮಾತ್ರ ಕಾಣುತ್ತಿತ್ತು. 1930ರ ದಶಕದಲ್ಲಿ ಬಿ. ಎಂ. ಶ್ರೀಕಂಠಯ್ಯನವರು, ಎ. ಆರ್. ಕೃಷ್ಣಶಾಸ್ತ್ರಿಗಳು ಮೊದಲಾದವರ ಆಸ್ಥೆಯಿಂದ ಪ್ರಚಾರೋಪನ್ಯಾಸಗಳು ಆರಂಭವಾದವು. ಪ್ರಾಧ್ಯಾಪಕರು ತಾವೇ ಊರೂರಿಗೆ ಹೋಗಿ ತಿಳಿಗನ್ನಡದಲ್ಲಿ ಮಾತನಾಡುವುದು, ಬಳಿಕ ಆ ಮಾತನ್ನೇ ಕಿರುಹೊತ್ತಗೆಯಾಗಿಸಿ ಕೆಲವೇ ಆಣೆಗಳಿಗೆ ಮಾರುವುದು: ಇದು ಅದರ ಕ್ರಮ. ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ ಇದೇ ದಾರಿ ಹಿಡಿದು ಉಪನ್ಯಾಸ ಗ್ರಂಥಮಾಲೆಯನ್ನು ಹೊರತಂದಿತು. ಮುಖಪುಟ ಹರಿದ ಅಂತಹ ಹೊತ್ತಗೆಯೊಂದು ನಮ್ಮ ಮನೆಯ ಮಾಡದಲ್ಲಿ ಬಹುಕಾಲ ಇದ್ದಿತು.

1956ರಿಂದ 1960ರವರೆಗೆ ಕುವೆಂಪು ಅವರು ಮೈಸೂರಿನಲ್ಲಿ ಕುಲಪತಿಗಳಾಗಿದ್ದರು. ಕಾಲೇಜಿನಲ್ಲಿಯೂ ಕನ್ನಡವೇ ಬೋಧನೆಯ ಮಾಧ್ಯಮವಾಗಬೇಕೆಂಬ ಅವರ ಹಟದ ಜೊತೆಗೆ ಗ್ರಂಥಗಳ ಅಗತ್ಯವೂ ಬೆಳೆಯಿತು. 1966ರಲ್ಲಿ ದೇ. ಜವರೇಗೌಡರ ನೇತೃತ್ವದಲ್ಲಿ ಕನ್ನಡ ಅಧ್ಯಯನ ಸಂಸ್ಥೆ ರೂಪುಗೊಂಡಿತು. ಕನ್ನಡ ವಿಶ್ವಕೋಶದ ಮೊದಲ ಸಂಪುಟ ಹೊರಬಿದ್ದುದು 1969ರಲ್ಲಿ, ಹದಿನಾಲ್ಕನೆಯದು 2004ರಲ್ಲಿ. ಒಂದು ತಲೆಮಾರು ಮೀರಿದ ದುಡಿಮೆ! ಆದರೆ ವಿದ್ವತ್ ಪರೀಕ್ಷೆಗೆ ಓದುತ್ತಿದ್ದಾಗ ನಾವು ಅದನ್ನು ಮೊದಲು ಕಂಡದ್ದು ಗ್ರಂಥಾಲಯವೊಂದರ ಗಾಜಿನ ಕಪಾಟಿನಲ್ಲಿ, ಕಪಾಟಿಗೆ ಬೀಗವಿತ್ತು.

ಬೀಗಗಳಲ್ಲಿ ಕಣ್ಣಿಗೆ ಕಾಣದ ಇನ್ನೊಂದಿದೆ. ಅದೇ ಗ್ರಂಥಸ್ವಾಮ್ಯ. ನಮ್ಮ ದೇಶದ 1957ರ ಕಾಯಿದೆಯಂತೆ, ಮುಂದೆ ಆದ ತಿದ್ದುಪಡಿಯೂ ಸೇರಿ, ಗ್ರಂಥಕರ್ತನು ತೀರಿಕೊಂಡ ಮೇಲೆ 60 ವರ್ಷ ಆ ಹಕ್ಕು ಉಳಿಯುತ್ತದೆ. ಶ್ರೀಕಂಠಯ್ಯನವರು ತೀರಿಕೊಂಡದ್ದು 1946ರಲ್ಲಿ; ಅವರ ಬರೆಹ 2006ರ ಕೊನೆಗೆ ಎಲ್ಲರದಾಯಿತು. 1968ರಲ್ಲಿ ತೀರಿಕೊಂಡ ಕೃಷ್ಣಶಾಸ್ತ್ರಿಗಳದು 2028ರ ಕೊನೆಯವರೆಗೂ ಕಾಯಬೇಕು. ಪಾಠಕ್ಕಾಗಿ ಗುರುಗಳು ಪ್ರತಿ ತೆಗೆದುಕೊಳ್ಳಲು ಕಾಯಿದೆ ಎಡೆಗೊಟ್ಟಿದೆ, ನಿಜ. ಆದರೆ ಲೇಖನವನ್ನು ಸರಳಗೊಳಿಸಿ ಅಚ್ಚು ಹಾಕಿಸಿ ಊರಿಗೆಲ್ಲ ಹಂಚಬೇಕಾದರೆ ಹಕ್ಕುದಾರನ ಒಪ್ಪಿಗೆ ಬೇಕು. ಒಪ್ಪಿಗೆ ಕೋರಿ ಒಂದು ಪ್ರಕಾಶನಕ್ಕೆ ನಾವು ಮೂರು ಸಲ ಪತ್ರ ಬರೆದೆವು. ಉತ್ತರ ಬರಲಿಲ್ಲ.

ಈ ತೊಡಕು ನಮ್ಮೊಬ್ಬರದಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯು ತನ್ನ ಪಾಠಸಾಮಗ್ರಿಯನ್ನು ಜಗತ್ತಿಗೆ ಉಚಿತವಾಗಿ ಒದಗಿಸುವುದಾಗಿ 2001ರಲ್ಲಿ ಸಾರಿತು. ಮರುವರ್ಷ ಯುನೆಸ್ಕೋ ಸಭೆಯಲ್ಲಿ ಇಂತಹ ಸಾಮಗ್ರಿಗೆ ಮುಕ್ತ ಶೈಕ್ಷಣಿಕ ಸಂಪನ್ಮೂಲವೆಂಬ ಹೆಸರಾಯಿತು. 2019ರಲ್ಲಿ ಇದನ್ನು ಬೆಳೆಸಬೇಕೆಂದು ಯುನೆಸ್ಕೋ ಎಲ್ಲ ಸದಸ್ಯರಾಷ್ಟ್ರಗಳಿಗೂ ಶಿಫಾರಸು ಮಾಡಿತು. ಮೈಸೂರು ವಿಶ್ವವಿದ್ಯಾನಿಲಯವು ಅದಕ್ಕೂ ಮೊದಲೇ, 2014ರಲ್ಲಿ, ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತು. ಮೂಲದ ಹೆಸರು ಹೇಳಬೇಕು, ತಿದ್ದಿ ಹಂಚಿದುದನ್ನು ಅದೇ ಷರತ್ತಿನಲ್ಲಿ ಇತರರಿಗೂ ಬಿಡಬೇಕು. ಇಷ್ಟು ಪಾಲಿಸಿದವನು ಯಾರಿಗೂ ಪತ್ರ ಬರೆಯಬೇಕಾಗಿಲ್ಲ.

ಇಲ್ಲಿ ನಮ್ಮದೊಂದು ಮಾತಿದೆ. ಔದಾರ್ಯ ಬೇರೆ, ನೀತಿ ಬೇರೆ. ಒಂದು ಗ್ರಂಥವನ್ನು ಬಿಟ್ಟುಕೊಡುವುದು ಔದಾರ್ಯ. ಸಾರ್ವಜನಿಕ ಹಣದಿಂದ ಮುಂದೆ ಅಚ್ಚಾಗುವ ಪ್ರತಿಯೊಂದು ಪಾಠವೂ ಮೊದಲ ದಿನದಿಂದಲೇ ಬಿಡುಗಡೆಯಾಗಿರಬೇಕೆಂದು ವಿದ್ವತ್ಪರಿಷತ್ತು ನಿಯಮ ಮಾಡುವುದು ನೀತಿ. ಅಂತಹ ನಿಯಮವು ಹಕ್ಕು ಲೇಖಕನದೋ ಸಂಸ್ಥೆಯದೋ ಎಂಬುದನ್ನು ಬರೆಯಿಸುವ ಮುನ್ನವೇ ತೀರ್ಮಾನಿಸಬೇಕು. ಪುಟಗಳನ್ನು ಚಿತ್ರಗಳಾಗಿ ಕೊಡದೆ, ಹುಡುಕಲೂ ತಿದ್ದಲೂ ಬರುವ ಅಕ್ಷರಗಳಲ್ಲಿ ಕೊಡಬೇಕು. ಬರೆದೇ ಬದುಕುವವರ ಹೊಟ್ಟೆಯ ಮೇಲೆ ಹೊಡೆದಂತಾಗದೇ ಎಂಬ ಆಕ್ಷೇಪವನ್ನು ನಾವು ತಳ್ಳಿಹಾಕುವುದಿಲ್ಲ. ಸಂಭಾವನೆ ಮೊದಲೇ ಸಲ್ಲಲಿ. ಸಂಬಳ ಪಡೆದು ಬರೆದ ಪಾಠದ ಮಾತು ಮಾತ್ರ ಬೇರೆ.

ಕಳೆದ ವರ್ಷ ವಿಶ್ವಕೋಶದ ವಿಜ್ಞಾನಲೇಖನವೊಂದನ್ನು ಸಂಕ್ಷೇಪಿಸಿ, ಕಠಿನಪದಗಳಿಗೆ ನಮ್ಮ ಸೀಮೆಯ ಮಾತುಗಳನ್ನಿಟ್ಟು, ಅಕ್ಕಲಕೋಟೆಯಲ್ಲಿ ಎರಡು ಪುಟವಾಗಿ ಅಚ್ಚು ಹಾಕಿಸಿ ಮಕ್ಕಳಿಗೆ ಹಂಚಿದೆವು. ನೆರೆಯ ಮರಾಠಿ ಶಾಲೆಯ ಗುರುಗಳೊಬ್ಬರು ಅದನ್ನು ಮಕ್ಕಳಿಂದ ಓದಿಸಿ ಕೇಳಿ, ಮರಾಠಿಗೆ ತಿರುಗಿಸಬಹುದೇ, ಯಾರನ್ನು ಕೇಳಬೇಕು ಎಂದು ವಿಚಾರಿಸಿದರು. ವಿಶ್ವವಿದ್ಯಾನಿಲಯದ ಹೆಸರೂ ಪರವಾನಗಿಯ ಷರತ್ತೂ ಇದ್ದ ಕೊನೆಯ ಸಾಲನ್ನು ಅವರಿಗೆ ಓದಿಹೇಳಿದೆವು.