ನಳಿಗೆಯ ಅಳತೆಯೂ ಓಡುವ ಗುರಿಯೂ: ದಕ್ಷಿಣ ಕನ್ನಡದ ಬೆಳೆಗಾವಲಿನ ಕೋವಿ

ರೈತನ ಕೋವಿಯನ್ನು ಇತಿಹಾಸದ ಸಾಮಗ್ರಿಯೆಂದು ಎಣಿಸುವುದು ವಿಚಿತ್ರವೆಂದು ತೋರಬಹುದು. ಆದರೆ ಮಂಗಳೂರಿನ ಜಿಲ್ಲಾ ಕಚೇರಿಯ ಪರವಾನಗಿಯೊಂದಿಗೆ ಗದ್ದೆ ತೋಟಗಳನ್ನು ಕಾಯುವ ಆ ಕೋವಿಯ ನಳಿಗೆ ಎಷ್ಟು ಉದ್ದವಿರಬೇಕೆಂಬ ಪ್ರಶ್ನೆಯಲ್ಲಿ ಯಂತ್ರಶಾಸ್ತ್ರ, ಶಾಸನ, ಬೇಸಾಯ ಈ ಮೂರೂ ಸಂಧಿಸುತ್ತವೆ.

ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿಗೆ ಉದ್ದವಾದ ನಳಿಗೆ ಇದ್ದುದಕ್ಕೆ ಕಾರಣವುಂಟು. ಕರಿಮದ್ದು ನಿಧಾನವಾಗಿ ಉರಿಯುವುದರಿಂದ ಚರೆಗಳಿಗೆ ಪೂರ್ಣವೇಗ ಬರಲು ಆ ಉದ್ದ ಬೇಕಾಗಿತ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಹೊಗೆರಹಿತ ಮದ್ದು ಬಂದ ಮೇಲೆ ಈ ಅವಶ್ಯಕತೆ ಕುಗ್ಗಿತು. 1920ರ ದಶಕದಲ್ಲಿ ಲಂಡನ್ನಿನ ಕೋವಿ ತಯಾರಕ ರಾಬರ್ಟ್ ಚರ್ಚಿಲ್ 25 ಅಂಗುಲದ ನಳಿಗೆಯನ್ನೇ ಪ್ರತಿಪಾದಿಸಿದನು.

ಓಡುವ ಗುರಿಯ ವಿಷಯದಲ್ಲಿ ಉದ್ದದ ಪರಿಣಾಮವೇನು? ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಅಡ್ಡಲಾಗಿ ಓಡುವ ಹಂದಿ 30 ಮೀಟರ್ ದೂರದಲ್ಲಿದೆಯೆಂದೂ, ಚರೆಗಳ ಸರಾಸರಿ ವೇಗ ಸೆಕೆಂಡಿಗೆ 350 ಮೀಟರ್ ಎಂದೂ ಭಾವಿಸೋಣ. ಚರೆಗಳು ತಲಪುವಷ್ಟರಲ್ಲಿ ಹಂದಿ ಸುಮಾರು 70 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಹೊಗೆರಹಿತ ಮದ್ದಿನ ಕೋವಿಯಲ್ಲಿ ನಳಿಗೆ ಐದಂಗುಲ ಕಡಮೆಯಾದರೂ ಈ ಲೆಕ್ಕದಲ್ಲಿ ಬರುವ ವ್ಯತ್ಯಾಸ ಮೂರು ಸೆಂಟಿಮೀಟರಿನಷ್ಟು ಮಾತ್ರ. ನಿಜವಾದ ಭೇದವಿರುವುದು ಕೈಯಲ್ಲಿ. ಗಿಡ್ಡ ನಳಿಗೆ ಬೇಗ ತಿರುಗುತ್ತದೆ, ಬೇಗ ನಿಂತೂಬಿಡುತ್ತದೆ. ಉದ್ದ ನಳಿಗೆ ತಿರುಗಲು ತಡವಾದರೂ ತನ್ನ ಭಾರದಿಂದಲೇ ಗುರಿಯೊಡನೆ ಸಮವಾಗಿ ಸಾಗುತ್ತದೆ. ತೆರೆದ ಗದ್ದೆಗೆ ಇದು ಲೇಸು, ಒತ್ತಾದ ಅಡಕೆ ತೋಟಕ್ಕೆ ಅದು ಲೇಸು.

ಶಾಸನದ ದೃಷ್ಟಿ ಬೇರೆ. 1959ರ ಆಯುಧ ಕಾಯಿದೆಯ 13ನೆಯ ವಿಧಿಯು ರಕ್ಷಣೆಗೂ ಬೇಟೆಗೂ 20 ಅಂಗುಲಕ್ಕೆ ಕಡಮೆಯಿಲ್ಲದ ನಳಿಗೆಯ ಕೋವಿಯನ್ನೂ, ಬೆಳೆಗಾವಲಿಗೆ ಬಾಯಿಯಿಂದ ತುಂಬುವ ಕೋವಿಯನ್ನೂ ಹೆಸರಿಸುತ್ತದೆ. ಪರವಾನಗಿಯಿಲ್ಲದೆ ನಳಿಗೆಯನ್ನು ಕತ್ತರಿಸುವುದನ್ನು 6ನೆಯ ವಿಧಿ ನಿಷೇಧಿಸುತ್ತದೆ. ಇಲ್ಲಿ ಉದ್ದವನ್ನು ಅಳೆದುದು ಗುರಿಗಾಗಿ ಅಲ್ಲ. ಗಿಡ್ಡ ಕೋವಿಯನ್ನು ಬಚ್ಚಿಡುವುದು ಸುಲಭವೆಂಬ ಭಯದಿಂದ ಎಂದೇ ತಿಳಿಯಬೇಕಾಗುತ್ತದೆ.

ಆದರೂ ಅದೇ 13ನೆಯ ವಿಧಿಯಲ್ಲಿ ಒಂದು ವಿನಾಯಿತಿಯಿದೆ. ಬಾಯಿಯಿಂದ ತುಂಬುವ ಕೋವಿ ಬೆಳೆಗಾವಲಿಗೆ ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ಕೋವಿಗೂ ಪರವಾನಗಿ ಕೊಡಬಹುದು. ಒಂದು ಈಡು ತಪ್ಪಿದರೆ ಮತ್ತೆ ಮದ್ದು ತುಂಬುವಷ್ಟರಲ್ಲಿ ಹಂದಿ ಕಾಡು ಸೇರುತ್ತದೆಂಬುದನ್ನು ಬಲ್ಲವರಿಗೆ ಈ ವಾಕ್ಯದ ಬೆಲೆ ತಿಳಿದೀತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕವಂತೂ ಕೋವಿಯ ಪರವಾನಗಿ ಕೊಲ್ಲುವ ಅನುಮತಿಯಾಗಿ ಉಳಿಯಲಿಲ್ಲ. ಹೀಗೆ ರೈತನ ಕೋವಿಯ ಚರಿತ್ರೆಯೆಂದರೆ, ರಾಜ್ಯದ ಭಯ, ಬೆಳೆಯ ನಷ್ಟ, ಕಾಡಿನ ಜೀವ ಇವುಗಳ ನಡುವೆ ಅಳತೆ ಹುಡುಕಿದ ಚರಿತ್ರೆಯೇ ಆಗಿದೆ.