ಇಂಗ್ಲಿಷ್ ಭಾಷಾ ಪರೀಕ್ಷೆಗಳಲ್ಲಿ ಆಲಿಸುವಿಕೆ ಮತ್ತು ಓದಿನ ಗ್ರಹಿಕೆ: ಅಭ್ಯಾಸದ ಇತಿಹಾಸ

ಇಂಗ್ಲಿಷ್ ಮನೆಮಾತಲ್ಲದವರು ಆ ಭಾಷೆಯ ಮಾತನ್ನು ಕೇಳಿ, ಬರಹವನ್ನು ಓದಿ ಎಷ್ಟರ ಮಟ್ಟಿಗೆ ಅರ್ಥಮಾಡಿಕೊಳ್ಳಬಲ್ಲರು ಎಂಬುದನ್ನು ಅಳೆಯುವ ಪರೀಕ್ಷೆಗಳಿಗೂ ಅವುಗಳಿಗಾಗಿ ನಡೆಯುವ ಸಿದ್ಧತೆಗೂ ಒಂದು ಶತಮಾನಕ್ಕಿಂತ ತುಸು ಹೆಚ್ಚಿನ ಚರಿತ್ರೆಯಿದೆ. ಆಲಿಸುವಿಕೆ ಮತ್ತು ಓದು ಎರಡನ್ನೂ ಗ್ರಹಣ ಕೌಶಲಗಳೆಂದು, ಅಂದರೆ ಇನ್ನೊಬ್ಬರ ಮಾತು ಬರಹಗಳಿಂದ ಅರ್ಥವನ್ನು ಪಡೆದುಕೊಳ್ಳುವ ಕೌಶಲಗಳೆಂದು ಕರೆಯುವುದು ರೂಢಿ. ಗ್ರಹಿಕೆ ಮನಸ್ಸಿನೊಳಗೆ ನಡೆಯುವ ಕ್ರಿಯೆಯಾದ್ದರಿಂದ ಅದನ್ನು ಅಳೆಯಲು ಪರೀಕ್ಷಕರು ಯಾವಾಗಲೂ ಒಂದು ಹೊರಗಿನ ಸಾಧನವನ್ನು ನೆಚ್ಚಬೇಕಾಯಿತು. ಮೊದಲು ಉಕ್ತಲೇಖನ ಮತ್ತು ಅನುವಾದ, ಬಳಿಕ ಬಹು ಆಯ್ಕೆಯ ಪ್ರಶ್ನೆ ಮತ್ತು ಧ್ವನಿಸುರುಳಿ, ಆಮೇಲೆ ಕಂಪ್ಯೂಟರ್ ಆ ಸ್ಥಾನದಲ್ಲಿ ಬಂದವು. ಸಾಧನ ಬದಲಾದಾಗಲೆಲ್ಲ ಅಭ್ಯಾಸದ ಕ್ರಮವೂ ಅದರ ಹಿಂದೆಯೇ ಬದಲಾಯಿತು.

ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಪರೀಕ್ಷಾ ಮಂಡಳಿಯು 1913ರಲ್ಲಿ ಆರಂಭಿಸಿದ ಇಂಗ್ಲಿಷ್ ಪ್ರಾವೀಣ್ಯ ಪರೀಕ್ಷೆ ಹೊರದೇಶಗಳಲ್ಲಿ ಇಂಗ್ಲಿಷ್ ಕಲಿಸಬಯಸುವವರನ್ನು ಗಮನದಲ್ಲಿಟ್ಟುಕೊಂಡು ರೂಪುಗೊಂಡಿತ್ತು. ಅನುವಾದ, ವ್ಯಾಕರಣ, ಪ್ರಬಂಧ, ಸಾಹಿತ್ಯ, ಧ್ವನಿಶಾಸ್ತ್ರ, ಗಟ್ಟಿಯಾಗಿ ಓದುವಿಕೆ, ಸಂಭಾಷಣೆ ಎಲ್ಲವೂ ಸೇರಿ ಸುಮಾರು 12 ಗಂಟೆ ಹಿಡಿಯುತ್ತಿದ್ದ ಈ ಪರೀಕ್ಷೆಗೆ ಮೊದಲ ವರ್ಷ ಕುಳಿತವರು ಮೂವರು. ಅವರಲ್ಲಿ ಒಬ್ಬರೂ ತೇರ್ಗಡೆಯಾಗಲಿಲ್ಲ. ಆಲಿಸುವಿಕೆಗೆ ಪ್ರತ್ಯೇಕ ಪತ್ರಿಕೆ ಇರಲಿಲ್ಲ, ಪರೀಕ್ಷಕರು ಹೇಳಿದ್ದನ್ನು ಬರೆದುಕೊಳ್ಳುವ ಅರ್ಧ ಗಂಟೆಯ ಉಕ್ತಲೇಖನವೇ ಅದರ ಕೆಲಸವನ್ನು ಮಾಡುತ್ತಿತ್ತು. ಒಂದೊಂದು ಕೇಂದ್ರದಲ್ಲಿ ಒಬ್ಬೊಬ್ಬರು ಓದಿ ಹೇಳುವ ವ್ಯವಸ್ಥೆಯಲ್ಲಿ ಓದುವವರ ಉಚ್ಚಾರಣೆ ಮತ್ತು ವೇಗ ಎಲ್ಲೆಡೆಯೂ ಒಂದೇ ಆಗಿರುವುದು ಸಾಧ್ಯವಿರಲಿಲ್ಲ. ಆಲಿಸುವಿಕೆ ಸ್ವತಂತ್ರ ವಿಭಾಗವಾಗಲು ಅಷ್ಟು ತಡವಾದುದಕ್ಕೆ ಇದೂ ಒಂದು ಕಾರಣ.

ಓದಿನ ಗ್ರಹಿಕೆಯ ಪರೀಕ್ಷೆ ಇನ್ನೊಂದು ದಾರಿಯಲ್ಲಿ ಬೆಳೆಯಿತು. ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಫ್ರೆಡರಿಕ್ ಕೆಲ್ಲಿ 1915ರ ಸುಮಾರಿಗೆ ಸಿದ್ಧಪಡಿಸಿದ ಮೌನ ಓದಿನ ಪರೀಕ್ಷೆಯಲ್ಲಿ ಪ್ರತಿ ಪ್ರಶ್ನೆಗೂ ಒಂದೇ ಸರಿಯುತ್ತರವಿರಬೇಕು, ಬೆಲೆಕಟ್ಟುವವರ ಅಭಿಪ್ರಾಯಕ್ಕೆ ಎಡೆಯಿರಬಾರದು ಎಂಬ ನಿಯಮ ಕಾಣಿಸಿಕೊಂಡಿತು. ಶಾಲಾ ಮಕ್ಕಳಿಗಾಗಿ ಹುಟ್ಟಿದ ಈ ವಿಧಾನ ಮುಂದೆ ಉತ್ತರಪತ್ರಿಕೆ ಎಣಿಸುವ ಯಂತ್ರಗಳ ನೆರವಿನಿಂದ ಜಗತ್ತನ್ನೆಲ್ಲ ವ್ಯಾಪಿಸಿತು. ಓದುವುದೆಂದರೆ ಪದಗಳನ್ನು ತೂಗಿನೋಡಿ ಪರಸ್ಪರ ಹೊಂದಿಸುವ ತರ್ಕದ ಕೆಲಸವೆಂದು ಎಡ್ವರ್ಡ್ ಥಾರ್ನ್‌ಡೈಕ್ 1917ರಲ್ಲಿಯೇ ವಾದಿಸಿದ್ದರೂ, ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಗುರುತಿಸುವ ಅಭ್ಯಾಸ ಆ ತರ್ಕವನ್ನು ಎಷ್ಟರ ಮಟ್ಟಿಗೆ ಬೆಳೆಸಿತೆಂಬುದು ಚರ್ಚೆಯ ವಿಷಯವಾಗಿಯೇ ಉಳಿದಿದೆ. ಇದೇ ಕಾಲದಲ್ಲಿ ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೆಲ್ ವೆಸ್ಟ್, ಬಂಗಾಳದ ವಿದ್ಯಾರ್ಥಿಗೆ ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಮೊದಲು ಬೇಕಾದುದು ಓದಿ ತಿಳಿಯುವ ಶಕ್ತಿಯೆಂದು 1926ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿ, ಪದಗಳ ಸಂಖ್ಯೆಯನ್ನು ಹದವಾಗಿ ಏರಿಸುತ್ತ ಹೋಗುವ ವಾಚಿಕೆಗಳನ್ನು ರಚಿಸಿದರು.

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಹೊರದೇಶದ ವಿದ್ಯಾರ್ಥಿಗಳು ಹೆಚ್ಚಾಗಿ ಬರತೊಡಗಿದಾಗ ಎಲ್ಲರಿಗೂ ಅನ್ವಯಿಸುವ ಒಂದೇ ಅಳತೆಗೋಲು ಬೇಕಾಯಿತು. ರಾಬರ್ಟ್ ಲಾಡೊ 1961ರ ತಮ್ಮ ಪುಸ್ತಕದಲ್ಲಿ ಭಾಷೆಯನ್ನು ಧ್ವನಿ, ಪದ, ರಚನೆಗಳೆಂದು ಬಿಡಿಸಿ ಒಂದೊಂದನ್ನೂ ಪ್ರತ್ಯೇಕವಾಗಿ ಅಳೆಯಬೇಕೆಂದರು. ಪದಗಳನ್ನೂ ಅವುಗಳ ಕ್ರಮವನ್ನೂ ಪರೀಕ್ಷಕರೇ ಒದಗಿಸುವುದರಿಂದ ಉಕ್ತಲೇಖನ ಅಳೆಯುವುದು ತೀರ ಅಲ್ಪವೆಂದು ಅದನ್ನು ಬದಿಗಿಟ್ಟರು. 1964ರಲ್ಲಿ ಮೊದಲ ಬಾರಿಗೆ ನಡೆದ ಟೋಫೆಲ್ ಪರೀಕ್ಷೆ ಈ ಬಗೆಯ ಚಿಂತನೆಯ ಫಲವಾಗಿದ್ದು, ಅದರಲ್ಲಿ ಆಲಿಸುವಿಕೆ ಆರಂಭದಿಂದಲೇ ಸ್ವತಂತ್ರ ವಿಭಾಗವಾಗಿತ್ತು. ಧ್ವನಿಸುರುಳಿಯ ಬಳಕೆಯಿಂದಾಗಿ ಎಲ್ಲ ಕೇಂದ್ರಗಳಲ್ಲಿಯೂ ಒಂದೇ ಧ್ವನಿಯನ್ನು ಕೇಳಿಸುವುದು ಸಾಧ್ಯವಾಯಿತು. ಉಕ್ತಲೇಖನವನ್ನು ಕೈಬಿಟ್ಟದ್ದು ಮಾತ್ರ ಅವಸರದ ತೀರ್ಮಾನವೆಂದೇ ಹೇಳಬೇಕು. ಕೇಳುಗರು ಮುಂದೆ ಬರುವ ಪದವನ್ನು ನಿರೀಕ್ಷಿಸುತ್ತಲೇ ಕೇಳುತ್ತಾರೆಂದೂ, ಉಕ್ತಲೇಖನದ ಅಂಕಗಳು ಒಟ್ಟಾರೆ ಭಾಷಾಸಾಮರ್ಥ್ಯದೊಡನೆ ನಿಕಟವಾಗಿ ಹೊಂದಿಕೊಳ್ಳುತ್ತವೆಂದೂ ಜಾನ್ ಓಲರ್ 1970ರ ದಶಕದಲ್ಲಿ ತೋರಿಸಿಕೊಟ್ಟ ಮೇಲೆ ಅದಕ್ಕೆ ಮತ್ತೆ ಮನ್ನಣೆ ದೊರೆಯಿತು. 1979ರಲ್ಲಿ ಜಪಾನಿನ ಉದ್ಯೋಗಿಗಳಿಗಾಗಿ ಆರಂಭವಾದ ಟೋಯಿಕ್ ಪರೀಕ್ಷೆಯಂತೂ ಆಲಿಸುವಿಕೆಗೆ 100, ಓದಿಗೆ 100 ಪ್ರಶ್ನೆಗಳೆಂದು ಈ ಎರಡರ ಮೇಲೆಯೇ ನಿಂತಿತು.

ಬ್ರಿಟನ್ನಿನಲ್ಲಿ ಅಲನ್ ಡೇವಿಸ್ 1960ರ ದಶಕದಲ್ಲಿ ರೂಪಿಸಿದ ಪರೀಕ್ಷಾಮಾಲೆಯ ಸ್ಥಾನಕ್ಕೆ 1980ರಲ್ಲಿ ಬಂದ ಇಎಲ್‌ಟಿಎಸ್, ವೈದ್ಯಕೀಯ, ತಂತ್ರಜ್ಞಾನ, ಸಮಾಜ ಅಧ್ಯಯನ ಮುಂತಾಗಿ ಅಭ್ಯರ್ಥಿಯ ವಿಷಯಕ್ಕೆ ತಕ್ಕ ಓದಿನ ಭಾಗಗಳನ್ನು ಕೊಡುತ್ತಿತ್ತು. 1989ರಲ್ಲಿ ಅದು ಐಇಎಲ್‌ಟಿಎಸ್ ಆಯಿತು. 1995ರ ಪರಿಷ್ಕರಣೆಯಲ್ಲಿ ವಿಷಯವಾರು ವಿಂಗಡಣೆಯನ್ನು ತೆಗೆದುಹಾಕಲಾಯಿತು.

ಐಇಎಲ್‌ಟಿಎಸ್‌ನ ಕಾಗದದ ಪರೀಕ್ಷೆಯಲ್ಲಿ ಆಲಿಸುವಿಕೆಗೆ ನಾಲ್ಕು ಭಾಗಗಳು, 40 ಪ್ರಶ್ನೆಗಳು, ಸುಮಾರು 30 ನಿಮಿಷ. ಉತ್ತರಗಳನ್ನು ಹಾಳೆಗೆ ಇಳಿಸಲು ಇನ್ನೂ 10 ನಿಮಿಷ. ಧ್ವನಿಯನ್ನು ಒಮ್ಮೆ ಮಾತ್ರ ಕೇಳಿಸಲಾಗುತ್ತದೆ, ಆದರೆ ಪ್ರಶ್ನೆಗಳು ಮೊದಲೇ ಕಣ್ಣೆದುರು ಇರುತ್ತವೆ. ಆದ್ದರಿಂದ ಇಲ್ಲಿನ ಅಭ್ಯಾಸದ ಮುಖ್ಯ ಭಾಗವೆಂದರೆ, ಖಾಲಿ ಜಾಗದಲ್ಲಿ ಬರಬೇಕಾದುದು ಹೆಸರೋ ದಿನಾಂಕವೋ ಬೆಲೆಯೋ ಎಂದು ಧ್ವನಿ ಆರಂಭವಾಗುವ ಮುನ್ನವೇ ಊಹಿಸಿಕೊಳ್ಳುವುದು. ಮೊದಲ ಭಾಗದ ದಿನನಿತ್ಯದ ಸಂಭಾಷಣೆಯಲ್ಲಿ ಮಾತನಾಡುವವರು ಒಂದು ದಿನವನ್ನು ಹೇಳಿ, ಕೂಡಲೇ ತಿದ್ದಿಕೊಂಡು ಇನ್ನೊಂದನ್ನು ಹೇಳುವುದುಂಟು. ಥರ್ಟೀನ್ ಮತ್ತು ಥರ್ಟಿಗಳ ನಡುವಿನ ಒತ್ತಿನ ವ್ಯತ್ಯಾಸ, ಸೊನ್ನೆಯನ್ನು ‘ಓ’ ಎಂದು ಓದುವ ಬ್ರಿಟಿಷ್ ಪದ್ಧತಿ ಇವೆಲ್ಲ ಅಭ್ಯಾಸವಿಲ್ಲದ ಕಿವಿಗೆ ತೊಡಕಾಗುತ್ತವೆ. ಎರಡು ಪದ ಮೀರಬಾರದೆಂಬ ಸೂಚನೆಯಿರುವಲ್ಲಿ ಮೂರು ಪದ ಬರೆದರೆ, ಅಥವಾ ಕಾಗುಣಿತ ತಪ್ಪಿದರೆ, ಸರಿಯಾಗಿ ಕೇಳಿಸಿಕೊಂಡಿದ್ದರೂ ಅಂಕ ಸಿಗುವುದಿಲ್ಲ. ಓದಿನ ಪತ್ರಿಕೆಯಲ್ಲಿ 60 ನಿಮಿಷಗಳಿಗೆ 40 ಪ್ರಶ್ನೆಗಳಿರುತ್ತವೆ. ಅವುಗಳಲ್ಲಿ ಹೆಚ್ಚು ಜನ ಎಡವುವುದು ಒಂದು ಹೇಳಿಕೆ ಸರಿಯೇ, ತಪ್ಪೇ, ಅಥವಾ ಆ ಕುರಿತು ಗದ್ಯಭಾಗದಲ್ಲಿ ಏನೂ ಹೇಳಿಲ್ಲವೇ ಎಂದು ತೀರ್ಮಾನಿಸಬೇಕಾದ ಪ್ರಶ್ನೆಯಲ್ಲಿ. ವಿಷಯವನ್ನು ಮೊದಲೇ ಬಲ್ಲವರು ತಮಗೆ ಗೊತ್ತಿರುವುದನ್ನು ಲೇಖಕರು ಹೇಳಿದಂತೆ ಭಾವಿಸುವ ಸಂಭವವಿರುವುದರಿಂದ, ಇಲ್ಲಿ ತಿಳಿವಳಿಕೆಯೇ ಅಡ್ಡಬರುವುದುಂಟು.

ಟೋಫೆಲ್‌ನ ಹಳೆಯ ಕಾಗದದ ರೂಪ ಇದಕ್ಕೆ ಪೂರ್ತಿ ಭಿನ್ನವಾಗಿತ್ತು: ಪ್ರಶ್ನೆಯನ್ನೂ ಕಿವಿಯಿಂದಲೇ ಕೇಳಬೇಕು, ಪುಸ್ತಿಕೆಯಲ್ಲಿ ಆಯ್ಕೆಗಳು ಮಾತ್ರ ಇರುತ್ತಿದ್ದವು, ಟಿಪ್ಪಣಿ ಬರೆದುಕೊಳ್ಳುವಂತಿರಲಿಲ್ಲ. ಹೀಗಾಗಿ ಅದಕ್ಕೆ ಸಿದ್ಧರಾಗುವವರು ನೆನಪಿನ ಶಕ್ತಿಯನ್ನು ನೆಚ್ಚಬೇಕಾಗಿತ್ತು. 2005ರಲ್ಲಿ ಇಂಟರ್ನೆಟ್ ಆಧಾರಿತ ಪರೀಕ್ಷೆ ಬಂದು ಟಿಪ್ಪಣಿಗೆ ಅವಕಾಶ ದೊರೆತ ಮೇಲೆ, ತರಗತಿಯ ಉಪನ್ಯಾಸವನ್ನು ಕೇಳುತ್ತ ಮುಖ್ಯಾಂಶಗಳನ್ನು ಗುರುತುಹಾಕಿಕೊಳ್ಳುವುದು ತರಬೇತಿಯ ಭಾಗವಾಯಿತು.

ಪರೀಕ್ಷೆಯ ಸ್ವರೂಪವು ಬೋಧನೆ ಮತ್ತು ಕಲಿಕೆಗಳ ಮೇಲೆ ಬೀರುವ ಇಂಥ ಮರುಪರಿಣಾಮ ನಿಜವಾಗಿಯೂ ಇದೆಯೇ ಎಂಬ ಪ್ರಶ್ನೆಯನ್ನು ಚಾರ್ಲ್ಸ್ ಆಲ್ಡರ್ಸನ್ ಮತ್ತು ಡಯಾನ್ ವಾಲ್ 1993ರ ಲೇಖನವೊಂದರಲ್ಲಿ ಎತ್ತಿ, ಸಾಕ್ಷ್ಯವಿಲ್ಲದೆ ಅದನ್ನು ಒಪ್ಪಬಾರದೆಂದು ಎಚ್ಚರಿಸಿದರು. ಬೋಧನೆಯ ಕ್ರಮ ಪರೀಕ್ಷೆಯ ಫಲಿತಾಂಶದ ಮೇಲೆ ಬೀರುವ ಪರಿಣಾಮವನ್ನು ನೋಡಿದ, ಈ ಪ್ರಶ್ನೆಗೆ ಸಮೀಪದ ಒಂದು ಪ್ರಯೋಗ ಅದಕ್ಕೆ ಮುಂಚೆಯೇ ದಕ್ಷಿಣ ಭಾರತದಲ್ಲಿ ನಡೆದಿತ್ತು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯದಲ್ಲಿ ಎನ್. ಎಸ್. ಪ್ರಭು 1979ರಿಂದ 1984ರವರೆಗೆ ಮುನ್ನಡೆಸಿದ ಬೋಧನಾ ಯೋಜನೆಯಲ್ಲಿ ಮಕ್ಕಳಿಗೆ ವ್ಯಾಕರಣದ ಪಾಠ ಮಾಡದೆ, ರೈಲ್ವೆ ವೇಳಾಪಟ್ಟಿ ಅಥವಾ ನಕ್ಷೆಯನ್ನು ಕೊಟ್ಟು, ಅದನ್ನು ಓದಿ, ಶಿಕ್ಷಕರ ಮಾತನ್ನು ಕೇಳಿ ಸಮಸ್ಯೆಯನ್ನು ಬಿಡಿಸುವ ಕೆಲಸ ಕೊಡಲಾಗುತ್ತಿತ್ತು. ಮಕ್ಕಳನ್ನು ಮಾತನಾಡಲೇಬೇಕೆಂದು ಒತ್ತಾಯಿಸುತ್ತಿರಲಿಲ್ಲ. ಇದರ ಫಲಿತಾಂಶವನ್ನು ಅಳೆದವರು ಅಲನ್ ಬೆರೆಟ್ಟಾ ಮತ್ತು, ಬ್ರಿಟಿಷ್ ಪರೀಕ್ಷಾಮಾಲೆಯನ್ನು ರೂಪಿಸಿದ್ದ, ಅದೇ ಅಲನ್ ಡೇವಿಸ್. ರೂಢಿಯ ಕ್ರಮದಲ್ಲಿ ಕಲಿತವರು ವಾಕ್ಯರಚನೆಯ ಪರೀಕ್ಷೆಯಲ್ಲಿ ಮುಂದಿದ್ದರೆ, ಯೋಜನೆಯ ಮಕ್ಕಳು ತಮ್ಮ ಬಗೆಯ ಕಾರ್ಯಗಳಲ್ಲಷ್ಟೇ ಅಲ್ಲದೆ, ಉಕ್ತಲೇಖನ ಮತ್ತು ಆಲಿಸಿ ಓದಿ ಗ್ರಹಿಸುವ ಪರೀಕ್ಷೆಗಳಲ್ಲಿಯೂ ಒಟ್ಟಿನಲ್ಲಿ ಮುಂದಿದ್ದರು.

2009ರಲ್ಲಿ ಆರಂಭವಾದ ಪಿಟಿಇ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ, ಕೇಳಿದ ವಾಕ್ಯವನ್ನು ಹಾಗೆಯೇ ಬರೆಯುವ ಉಕ್ತಲೇಖನ ಕಂಪ್ಯೂಟರಿನ ಮೂಲಕ ಮರಳಿತು. ಆಮೇಲೆ ಬಂದ ಡ್ಯುಯೊಲಿಂಗೊ ಪರೀಕ್ಷೆಯಲ್ಲಿ ಅಭ್ಯರ್ಥಿಯ ಉತ್ತರಕ್ಕೆ ತಕ್ಕಂತೆ ಮುಂದಿನ ಪ್ರಶ್ನೆಯ ಕಾಠಿಣ್ಯ ಏರಿಳಿಯುತ್ತದೆ, ಬಿಟ್ಟು ಬಂದ ಪ್ರಶ್ನೆಗೆ ಹಿಂದಿರುಗುವಂತಿಲ್ಲ. ಸುಲಭವಾದುದನ್ನು ಮೊದಲು ಮುಗಿಸಿ ಕಷ್ಟವಾದುದನ್ನು ಕೊನೆಗೆ ಉಳಿಸಿಕೊಳ್ಳಿ ಎಂದು ಕೋಚಿಂಗ್ ತರಗತಿಗಳಲ್ಲಿ ಹೇಳಿಕೊಡುತ್ತಿದ್ದ ಹಳೆಯ ಉಪಾಯ ಇಂಥ ಪರೀಕ್ಷೆಯಲ್ಲಿ ನಡೆಯುವುದಿಲ್ಲ.