ನಲಿ-ಕಲಿ ತರಗತಿಯಲ್ಲಿ ಸ್ವತಂತ್ರ ಓದು ಮತ್ತು ಬರಹ: ಪೋಷಕರಿಗೆ ಮಾಹಿತಿ

ಕವಲಂದೆ ಸುತ್ತಮುತ್ತಲಿನ ಗ್ರಾಮಗಳ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಮಗುವನ್ನು ದಾಖಲಿಸಲು ಬರುವ ಪೋಷಕರು, ಕಿರಿಯ ತರಗತಿಗಳ ಮಕ್ಕಳು ಒಂದೇ ಕೊಠಡಿಯಲ್ಲಿ ಬೇರೆ ಬೇರೆ ಗುಂಪುಗಳಾಗಿ ಕುಳಿತಿರುವುದನ್ನೂ, ಕೆಲವರು ಶಿಕ್ಷಕರಿಲ್ಲದೆ ತಾವೇ ಓದಿ ಬರೆಯುತ್ತಿರುವುದನ್ನೂ ಕಾಣಬಹುದು. ಇದನ್ನು ನಿರ್ಲಕ್ಷ್ಯವೆಂದು ಭಾವಿಸತಕ್ಕದ್ದಲ್ಲ. ಇದು ನಲಿ-ಕಲಿ ಪದ್ಧತಿಯ ಅಂಗವಾಗಿದೆ.

ಈ ಪದ್ಧತಿಯು 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ, ನಂಜನಗೂಡಿನ ನೆರೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಯಿತು. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಶಿಕ್ಷಕರೇ ಇದರ ಕಲಿಕಾ ಕಾರ್ಡುಗಳನ್ನು ರೂಪಿಸಿದರೆಂಬುದು ಗಮನಾರ್ಹ. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ 1 ಮತ್ತು 2ನೇ ತರಗತಿಗಳಿಗೂ, ಮರುವರ್ಷ 3ನೇ ತರಗತಿಗೂ ಇದನ್ನು ವಿಸ್ತರಿಸಲಾಯಿತು.

ಮಗು ಬೇಗನೆ ತಾನಾಗಿ ಓದಲು ಸಾಧ್ಯವಾಗುವುದು ಅಕ್ಷರಗಳ ಕ್ರಮದಿಂದ. ಇಲ್ಲಿ ವರ್ಣಮಾಲೆಯನ್ನು ಅ, ಆ ಎಂದು ಮೊದಲಿನಿಂದ ಕಲಿಸುವುದಿಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳನ್ನು ಮೊದಲು ಪರಿಚಯಿಸಲಾಗುತ್ತದೆ. ಇಷ್ಟರಿಂದಲೇ ಸರ, ಅರಸ, ಅಗಸ, ಗರಗಸ, ದಸರ ಮುಂತಾದ ಪದಗಳನ್ನು ಮಗು ಓದಬಲ್ಲದು, ಬರೆಯಬಲ್ಲದು. ಮನೆಯಲ್ಲಿ ಇಡೀ ವರ್ಣಮಾಲೆಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಇಂತಹ ಪದಗಳನ್ನು ಬರೆಯಿಸುವುದು ಹೆಚ್ಚು ಉಪಯುಕ್ತ.

ತರಗತಿಯಲ್ಲಿ ಐದು ತಟ್ಟೆಗಳಿರುತ್ತವೆ. ಮೊದಲೆರಡು ತಟ್ಟೆಗಳ ಮಕ್ಕಳಿಗೆ ಶಿಕ್ಷಕರು ಪೂರ್ಣವಾಗಿ ಅಥವಾ ಭಾಗಶಃ ನೆರವಾಗುವರು; ನಂತರದ ಎರಡರಲ್ಲಿ ಗೆಳೆಯರು ನೆರವಾಗುವರು; ಐದನೆಯದು ಸ್ವಕಲಿಕೆಯದು. ಮಗು ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲನ್ನು ನೋಡಿ, ಅದಕ್ಕೆ ಸಂಬಂಧಿಸಿದ ಕಾರ್ಡನ್ನು ತಾನೇ ತೆಗೆದುಕೊಂಡು, ಸೂಚಿತ ತಟ್ಟೆಯಲ್ಲಿ ಕುಳಿತುಕೊಳ್ಳುತ್ತದೆ. ಬರವಣಿಗೆಗೆಂದು ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟುಕುವ ಕಪ್ಪು ಹಲಗೆಯಿರುತ್ತದೆ. ಸುಗ್ಗಿಯ ಕೆಲಸಕ್ಕೋ ನಂಜನಗೂಡಿನ ಜಾತ್ರೆಗೋ ಕೆಲವು ದಿನ ಗೈರುಹಾಜರಾದ ಮಗು, ಹಿಂದಿರುಗಿದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ.

ಆದರೆ ಈ ಅನುಕೂಲದಲ್ಲಿಯೇ ಒಂದು ಅಪಾಯವೂ ಇದೆ. ಮೌನವಾಗಿ ಕುಳಿತ ಮಗು ಓದದೆಯೂ ಕಾರ್ಡನ್ನು ಹಿಡಿದಿರಬಹುದು. ಗೆಳೆಯನ ಬರಹವನ್ನು ನಕಲು ಮಾಡಿರಬಹುದು. ಆದುದರಿಂದ ಪೋಷಕರು ಪ್ರಗತಿ ನೋಟದಲ್ಲಿ ಮಗುವಿನ ಮೈಲಿಗಲ್ಲನ್ನು ಆಗಾಗ್ಗೆ ಪರಿಶೀಲಿಸುವುದು ಸೂಕ್ತ. ಹಲವು ವಾರಗಳಾದರೂ ಅದು ಬದಲಾಗದಿದ್ದಲ್ಲಿ, ಮಗುವನ್ನು ಗದರಿಸದೆ, ಶಿಕ್ಷಕರ ನೆರವಿರುವ ತಟ್ಟೆಯಲ್ಲಿ ಕೂರಿಸುವಂತೆ ಕೋರಬಹುದು. ಇದಕ್ಕೆ ಲಿಖಿತ ಅರ್ಜಿಯ ಅಗತ್ಯವಿಲ್ಲ. ಪರಿಹಾರ ದೊರೆಯದಿದ್ದಲ್ಲಿ ಮುಖ್ಯೋಪಾಧ್ಯಾಯರನ್ನು, ನಂತರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು, ಅಂತಿಮವಾಗಿ ನಂಜನಗೂಡಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು.